ಬುಟ್ಟಿಯ ಮೇಲಿನ ಸೊಪ್ಪು

ನನಗೆ ಆಗ ಅರವತ್ತೈದು. ಅದಾಗಿ ಈಗ ಹತ್ತು ವರ್ಷ. ಪಲ್ಲವಿ, ನೀನು ಗಾಜಿನ ನಳಿಗೆಯಲ್ಲಿ ಹಾಕಿ ಪರೀಕ್ಷೆ ಮಾಡಿದ್ದು ನನ್ನ ಜ್ವರದ ಮದ್ದನ್ನಲ್ಲ. ನಾನು ನಿನಗೆ ಕೊಟ್ಟದ್ದು ಸುಳ್ಳು ಸೊಪ್ಪು. ಗೊತ್ತಿದ್ದೇ ಕೊಟ್ಟೆ. ನಿನ್ನ ತಾಯಿ ಜ್ವರದಲ್ಲಿ ಮೂರು ದಿನ ಕುದಿಸಿ ಕುಡಿದದ್ದೂ ಅದನ್ನೇ.

ಇಷ್ಟು ಬರೆಯುವುದಕ್ಕೆ ನನಗೆ ಎರಡು ದಿನ ಹಿಡಿಯಿತು. ನಾನು ಕಲಿತದ್ದು ಮೂರನೆಯ ಇಯತ್ತೆ. ಒತ್ತಕ್ಷರ ಈಗಲೂ ತಪ್ಪುತ್ತದೆ. ಬೇರೆಯವರ ಕೈಯಲ್ಲಿ ಬರೆಸಬಹುದಿತ್ತು — ಆದರೆ ಬರೆಯುವವರಿಗೆ ಮೊದಲು ಹೇಳಬೇಕಲ್ಲ. ನಿನಗಿಂತ ಮೊದಲು ಇನ್ನೊಬ್ಬರಿಗೆ ಹೇಳಿದರೆ ಅದು ಮತ್ತೊಂದು ತಪ್ಪು. ಇರುವ ತಪ್ಪೇ ಸಾಕು ಎಂದು ನಾನೇ ಕೂತೆ.

ಮೊದಲು ಬುಟ್ಟಿಯ ವಿಷಯ ಹೇಳಬೇಕು. ಅದನ್ನು ಹೇಳದಿದ್ದರೆ ಉಳಿದದ್ದು ನಿನಗೆ ತಿಳಿಯುವುದಿಲ್ಲ.

ನಮ್ಮ ಮನೆಯಲ್ಲಿ ಮದ್ದು ಅತ್ತೆಯಿಂದ ಸೊಸೆಗೆ ಬರುವುದು. ನನ್ನ ಅತ್ತೆ ನನಗೆ ಕೊಟ್ಟದ್ದು ಒಂದೇ ಮದ್ದು, ಜ್ವರದ್ದು. ಜ್ವರ ಬಂದು ಮೈಮೇಲೆ ಕೆಂಪು ಚುಕ್ಕೆ ಏಳುತ್ತದಲ್ಲ, ವಸಡಿನಲ್ಲಿ ರಕ್ತ ಕಾಣುತ್ತದಲ್ಲ — ಅದಕ್ಕೆ. ಆ ಸೊಪ್ಪಿಗೆ ಮನೆಯಲ್ಲಿ ಹೆಸರಿರಲಿಲ್ಲ. ‘ಅದು’ ಎಂದರೆ ಅದೇ. ಹೆಸರು ಬಾಯಿಗೆ ಬಂದರೆ ಗುಣ ಹೋಗುತ್ತದೆ ಎಂದು ಅತ್ತೆ ಹೇಳಿದ್ದಳು. ಬೆಳಕು ಹರಿಯುವ ಹೊತ್ತಿಗೆ ಯಾರ ಸಂಗಡವೂ ಮಾತಾಡದೆ ಹೋಗಿ ಕೊಯ್ದು ತರಬೇಕು. ಆದರೆ ದಾರಿಯಲ್ಲಿ ಜನ ಇರುತ್ತಾರೆ, ಬುಟ್ಟಿಯೊಳಗೆ ಇಣುಕುತ್ತಾರೆ. ಅದಕ್ಕೆ ‘ಅದನ್ನು’ ಅಡಿಯಲ್ಲಿ ಹಾಕಿ, ಮೇಲೆ ಬೇಲಿಯ ಬಳ್ಳಿಯ ಸೊಪ್ಪು ಹೊದಿಸುವುದು. ನೋಡಿದವರು ಮೇಲಿನದನ್ನೇ ಮದ್ದು ಎಂದುಕೊಳ್ಳಬೇಕು. ಮನೆಗೆ ಬಂದ ಮೇಲೆ ಮೇಲಿನದು ಆಡಿಗೆ, ಅಡಿಯದು ಅರೆಯುವ ಕಲ್ಲಿಗೆ.

ನೋಡಿಕೊಂಡು ಹೋಗಿ ಮೇಲಿನ ಸೊಪ್ಪನ್ನೇ ಅರೆದು ಕುಡಿದವರೂ ಇದ್ದರು. ಗುಣ ಕಾಣದೆ ಮತ್ತೆ ನಮ್ಮ ಬಾಗಿಲಿಗೇ ಬಂದರು. ಅತ್ತೆ-ಸೊಸೆ ಇಬ್ಬರೂ ಒಳಗೆ ನಿಂತು ನಕ್ಕಿದ್ದೇವೆ.

ನೀನು ಬಂದದ್ದು ಮಳೆಗಾಲ ಮುಗಿಯುತ್ತ ಬಂದಾಗ. ಶಿರಾಲಿಯಲ್ಲಿ ಬಸ್ಸಿಳಿದು, ಕೇಳಿಕೊಂಡು ಕೇಳಿಕೊಂಡು ನಡೆದು ಬಂದಿದ್ದೆ. ಹೆಗಲಿಗೆ ಒಂದು ಚೀಲ, ಕಂಕುಳಲ್ಲಿ ಹಳೇ ಪೇಪರಿನ ಕಟ್ಟು. ನಾನು ರದ್ದಿ ಪೇಪರಿನವಳು ಎಂದುಕೊಂಡೆ.

“ನಾನು ಕುಮಟೆಯವಳು ಅಜ್ಜಿ. ಕಾಲೇಜಲ್ಲಿ ಮದ್ದಿನ ಗಿಡದ ಮೇಲೆ ಪರೀಕ್ಷೆ ಮಾಡ್ತಾ ಇದ್ದೇನೆ. ನಿಮ್ಮ ಜ್ವರದ ಸೊಪ್ಪು ರಕ್ತದಲ್ಲಿರೂ ಪ್ಲೇಟ್ಲೆಟ್ಟಿಗೆ ಎಂತ ಮಾಡ್ತದೆ ಅಂತ ನೋಡ್ಬೇಕು.”

“ರಕ್ತದೊಳಗೆ ಮತ್ತೆಂತ ಇರ್ತದೆ ಮಾರಾಯ್ತಿ? ಕೆಂಪಗಿದ್ರೆ ಆತು.”

ನೀನು ನಕ್ಕೆ. ಗಾಯ ಆದಾಗ ರಕ್ತ ನಿಲ್ಲಿಸುವುದು ಅವೇ, ಒಂದಕ್ಕೊಂದು ಅಂಟಿಕೊಂಡು ತೂತು ಮುಚ್ಚುತ್ತವೆ, ಡೆಂಗಿ ಜ್ವರದಲ್ಲಿ ಅವು ಕಡಿಮೆಯಾಗುತ್ತವೆ, ಅದಕ್ಕೇ ವಸಡಿನಲ್ಲಿ ರಕ್ತ ಎಂದೆ. ನಾನು ನಲವತ್ತು ವರ್ಷ ಕಣ್ಣಲ್ಲಿ ನೋಡಿದ್ದನ್ನು ನೀನು ಒಂದು ಉಸಿರಿನಲ್ಲಿ ಹೇಳಿ ಮುಗಿಸಿದೆ. ನನಗೆ ಅದು ಇಷ್ಟವೂ ಆಯಿತು. ಸಿಟ್ಟೂ ಬಂತು.

ಇಲ್ಲ ಎಂದು ಕಳಿಸಿಬಿಡಬಹುದಿತ್ತು. ಹಾಗೆ ಎಷ್ಟೋ ಜನರನ್ನು ಕಳಿಸಿದ್ದೇನೆ. ನಿನ್ನನ್ನು ಕಳಿಸಲಿಲ್ಲ — ಯಾಕೆಂದರೆ ಕಾಲೇಜಿನ ಹುಡುಗಿಯೊಬ್ಬಳು ನನ್ನ ಜಗಲಿಯಲ್ಲಿ ಕೂತು ನಾನು ಹೇಳಿದ್ದನ್ನು ಬರೆದುಕೊಳ್ಳುವುದು ಬೇಕಿತ್ತು ನನಗೆ. ಸೊಪ್ಪು ಕೊಡಲು ಮನಸ್ಸಿರಲಿಲ್ಲ, ನಿನ್ನನ್ನು ಬಿಡಲೂ ಮನಸ್ಸಿರಲಿಲ್ಲ. ಹಾಗಾಗಿ ಬೇಲಿಯ ಹತ್ತಿರ ಕರೆದುಕೊಂಡು ಹೋದೆ. ಬಳ್ಳಿ ಎಳೆದು ಕೈಯಲ್ಲಿಟ್ಟೆ.

“ಇದನ್ನೇ ಕೊಡೂದಾ ಅಜ್ಜಿ?”

“ಮತ್ತೆ?” ಎಂದೆ.

ಒಂದು ಪೂರ್ತಿ ಸುಳ್ಳನ್ನೂ ಹೇಳಲಿಲ್ಲ ನೋಡು. ‘ಮತ್ತೆ’ ಎಂದು ಬಿಟ್ಟೆ.

ನೀನು ಜಗಲಿಯಲ್ಲಿ ಪೇಪರು ಹಾಸಿ, ಒಂದೊಂದು ಎಲೆಯನ್ನೂ ಬಿಡಿಸಿಟ್ಟು, ಮಗುವಿನ ಬಟ್ಟೆ ಮಡಿಸುವ ಹಾಗೆ ಮಡಿಸಿದೆ. ಆಮೇಲೆ ಪಟ್ಟಿ ಪುಸ್ತಕ ತೆಗೆದು ಬರೆದೆ. ನನಗೆ ತೋರಿಸಿದೆ. ‘ಸೊಪ್ಪು ಕೊಟ್ಟವರು — ದುರ್ಗಮ್ಮ, ಶಿರಾಲಿ’. ನಾನು ಒಂದೊಂದೇ ಅಕ್ಷರ ಕೂಡಿಸಿ ಓದಿದೆ. ರೇಶನ್ ಕಾರ್ಡು ಬಿಟ್ಟರೆ ನನ್ನ ಹೆಸರು ಇನ್ನೊಂದು ಕಡೆ ಬರೆದದ್ದನ್ನು ನಾನು ಕಂಡದ್ದು ಅದೇ ಮೊದಲು. ಅದರ ಪಕ್ಕದಲ್ಲೇ ನೀನು ಅಂಟಿಸಿದ ಎಲೆ. ಆಡಿನ ಎಲೆ.

ಎರಡನೆಯ ಸಲ ಬರುವಾಗ ತಾಯಿಯನ್ನೂ ಕರೆದುಕೊಂಡು ಬಂದೆ. ಸುಶೀಲಾ. ಕೈಯಲ್ಲಿ ಒಂದು ಕಟ್ಟು ಹಲಸಿನ ಹಪ್ಪಳ. ಮೆಟ್ಟಿಲು ಹತ್ತುವ ಮೊದಲೇ ಶುರುಮಾಡಿದಳು.

“ದುರ್ಗಕ್ಕಾ, ನನ್ನ ಮಗಳಿಗೆ ಎಂತ ಮಾಡಿಟ್ರಿ ನೀವು? ಮಂಚದ ಅಡಿಗೆ ಸೊಪ್ಪು, ಅಟ್ಟದ ಮೇಲೆ ಸೊಪ್ಪು. ನೆರಳಲ್ಲೇ ಒಣಗ್ಬೇಕಂತೆ, ಬಿಸಿಲು ತಾಗೂಕಾಗ ಅಂತೆ. ನೆಂಟ್ರು ಬಂದವ್ರು, ಆಡು ಸಾಕೂಕೆ ಸುರು ಮಾಡಿದ್ರಾ ಕೇಳ್ತಾರೆ!”

ಮೂವರೂ ನಕ್ಕೆವು. ನಾನು ಹೆಚ್ಚು ನಕ್ಕೆ. ನಿಮಗಿಬ್ಬರಿಗೂ ಯಾಕೆಂದು ಗೊತ್ತಿರಲಿಲ್ಲ.

ಒಳ್ಳೆಯ ಹೆಂಗಸು. ನನ್ನ ಅಡುಗೆ ಮನೆಗೇ ಬಂದು ಚಹಾಕ್ಕೆ ನೀರಿಟ್ಟಳು, ಸಕ್ಕರೆ ಡಬ್ಬಿ ಎಲ್ಲಿ ಎಂದು ಕೇಳಲೂ ಇಲ್ಲ, ಹುಡುಕಿ ತೆಗೆದಳು. ನಿನ್ನನ್ನು ಬೈಯುತ್ತಲೇ ಹೊಗಳಿದಳು. “ಅಡುಗೆ ಬರೂದಿಲ್ಲ ಇದಕ್ಕೆ. ಸೊಪ್ಪನ್ನ ಮಿಕ್ಸರಿಗೆ ಹಾಕಿ ಪುಡಿ ಮಾಡ್ತದೆ, ಸ್ಪಿರಿಟಲ್ಲಿ ನೆನಸ್ತದಂತೆ, ಸೋಸ್ತದಂತೆ. ಒಂದು ಸಾರು ಮಾಡು ಅಂದ್ರೆ ಮುಖ ನೋಡ್ತದೆ.” ಹೊರಡುವಾಗ ಚಪ್ಪಲಿ ಮೆಟ್ಟಿಕೊಂಡವಳು ತಿರುಗಿ ನಿಂತಳು.

“ಒಂದು ಮಾತು ಕೇಳೂಕೆ ಮರ್ತೆ. ಮನೇಲಿ ಯಾರಿಗಾದ್ರೂ ಜ್ವರ ಬಂದ್ರೆ ಇದನ್ನೇ ಕುದ್ಸಿ ಕೊಟ್ರೆ ಆತಾ ಅಕ್ಕಾ?”

“ಅಡ್ಡಿಲ್ಲ” ಎಂದೆ.

ಈ ಹತ್ತು ವರ್ಷದಲ್ಲಿ ಆ ಮಾತನ್ನು ನಾನು ಎಷ್ಟು ಸಲ ತಿರುವಿ ಹಾಕಿದ್ದೇನೋ — ಚಹಾ ಮಾಡಲಾ, ಅಡ್ಡಿಲ್ಲ. ನಾಳೆ ಬರಲಾ, ಅಡ್ಡಿಲ್ಲ. ದಿನಕ್ಕೆ ಹತ್ತು ಸಲ ಹೇಳುವ ಮಾತು. ಬೇಡ ಎಂದಿದ್ದರೆ ಯಾಕೆ ಎಂದು ಕೇಳುತ್ತಿದ್ದಳು. ಯಾಕೆ ಎಂದರೆ ಬುಟ್ಟಿಯ ಕಥೆ ಹೇಳಬೇಕಿತ್ತು. ನಿನ್ನೆದುರು, ನಿನ್ನ ಪಟ್ಟಿಯಲ್ಲಿ ನನ್ನ ಹೆಸರು ಬರೆದಾದ ಮೇಲೆ ಅದು ಆಗಲಿಲ್ಲ. ಆಡು ದಿನಾ ತಿಂದು ಆರಾಮ ಇರುವ ಸೊಪ್ಪು, ಮನುಷ್ಯರಿಗೆ ಎಂತ ಆದೀತು ಎಂದೂ ಅನಿಸಿತು. ಇದನ್ನು ನೆಪ ಎಂದು ಹೇಳುತ್ತಿಲ್ಲ. ಆಗ ತಲೆಯಲ್ಲಿ ಇದ್ದದ್ದು ಅಷ್ಟೇ ಎಂದು ಹೇಳುತ್ತಿದ್ದೇನೆ.

ಮೂರನೆಯ ಸಲ ನೀನೊಬ್ಬಳೇ ಬಂದೆ. ಮೊಣಕೈ ಒಳಬದಿಗೆ ಹತ್ತಿ ಇಟ್ಟು ಬ್ಯಾಂಡೇಜು ಅಂಟಿಸಿತ್ತು. ಎಂತ ಅದು ಎಂದರೆ, ಪರೀಕ್ಷೆಗೆ ರಕ್ತ ಬೇಕು, ಬೇರೆಯವರ ಹತ್ತಿರ ಎಷ್ಟು ಸಲ ಕೇಳುವುದು, ಈ ಸಲ ನನ್ನದೇ ತೆಗೆಸಿದೆ ಎಂದೆ. ಸ್ವಂತ ರಕ್ತಕ್ಕೆ ನನ್ನ ಆಡಿನ ಸೊಪ್ಪನ್ನು ಹಾಕಿ ನೋಡಿದ್ದೆ ನೀನು.

ನನಗೆ ತಿಳಿಯುವ ಹಾಗೆ ಹೇಳಿದೆ. ರಕ್ತದ ಕೆಂಪು ಕೆಳಗೆ ಕೂರುತ್ತದೆ, ಮೇಲೆ ಮಬ್ಬು ನೀರು ನಿಲ್ಲುತ್ತದೆ, ಪ್ಲೇಟ್ಲೆಟ್ ಇರುವುದು ಅದರಲ್ಲಿ. ಅದಕ್ಕೊಂದು ಔಷಧಿ ಬಿಟ್ಟರೆ ಅವು ಒಂದಕ್ಕೊಂದು ಅಂಟಿಕೊಳ್ಳುತ್ತವೆ, ಹಾಲು ಒಡೆದ ಹಾಗೆ, ನೀರು ತಿಳಿಯಾಗುತ್ತದೆ.

“ನಿಮ್ಮ ಸೊಪ್ಪಿನ ಸಾರ ಮೊದ್ಲೇ ಹಾಕಿಟ್ರೆ ಒಡೀಲೇ ಇಲ್ಲ ಅಜ್ಜಿ. ಮಬ್ಬು ಮಬ್ಬಾಗೇ ಉಳೀತು. ನಾಲ್ಕು ಸಲ ಮಾಡ್ದೆ.”

“ಒಡೀಲಿಲ್ಲ ಅಂದ್ರೆ ಒಳ್ಳೇದೇ ಅಲ್ದಾ?”

“ಹಾಲಾದ್ರೆ ಒಳ್ಳೇದು. ಜ್ವರದವ್ರ ರಕ್ತಕ್ಕೆ ಅಲ್ಲ. ಅವ್ರಿಗೆ ಅಂಟ್ಕೊಳ್ಬೇಕು, ಇಲ್ದಿದ್ರೆ ರಕ್ತ ನಿಲ್ಲೂದಿಲ್ಲ.” ಆಮೇಲೆ ನನ್ನ ಮುಖ ನೋಡಿ ಕೇಳಿದೆ. “ಅಜ್ಜಿ, ನೀವು ಕೊಡೂದು ಇದೇ ಸೊಪ್ಪಾ? ಸಂಗಡ ಬೇರೆ ಎಂತದೂ ಸೇರ್ಸೂದಿಲ್ವಾ?”

ಬಾಗಿಲು ತೆರೆದು ಹಿಡಿದುಕೊಂಡು ನಿಂತ ಹಾಗೆ ಇತ್ತು. ‘ಬೇರೆಯೂ ಉಂಟು’ ಎಂದಿದ್ದರೆ ಸಾಕಿತ್ತು. ‘ಅದು’ ಯಾವುದು ಎಂದು ಹೇಳಬೇಕೆಂದೂ ಇರಲಿಲ್ಲ. ‘ಇದಲ್ಲ’ ಎಂದರೆ ಸಾಕಿತ್ತು.

“ಇದೇ” ಎಂದೆ.

ನೀನು ಪಟ್ಟಿ ಮುಚ್ಚಿದೆ. ಹಾಗಾದರೆ ನಳಿಗೆಯಲ್ಲಿ ಒಂದು ನಮೂನೆ, ಮೈಯೊಳಗೆ ಇನ್ನೊಂದು ನಮೂನೆ ಆಗುತ್ತಿರಬೇಕು ಎಂದೆ. “ನಿಮ್ಮ ನಲವತ್ತು ವರ್ಷ ಸುಳ್ಳಾಗೂದಿಲ್ಲ, ಅಲ್ದಾ ಅಜ್ಜಿ?”

ನಾನು ಚಹಾ ತರಲು ಒಳಗೆ ಹೋದೆ.

ನಿನ್ನ ಪರೀಕ್ಷೆ ಸರಿ ಇತ್ತು ಪಲ್ಲವಿ. ಇದನ್ನು ದೊಡ್ಡ ಅಕ್ಷರದಲ್ಲಿ ಬರೆಯುತ್ತಿದ್ದೇನೆ. ಆ ಸೊಪ್ಪು ಎಂತ ಮಾಡುತ್ತದೆಯೋ ಅದನ್ನೇ ನಿನ್ನ ನಳಿಗೆ ಹೇಳಿತ್ತು. ತಪ್ಪಿದ್ದದ್ದು ನನ್ನ ಬಾಯಿ. ನೀನು ನಿನ್ನ ಕಣ್ಣಿಗಿಂತ ನನ್ನ ಬಾಯಿಯನ್ನು ನಂಬಿದೆ.

ಎರಡು ತಿಂಗಳಾಗಿರಬೇಕು, ಸುಶೀಲಾಗೆ ಜ್ವರ ಬಂತು. ನೀನು ದೂರದಲ್ಲಿ, ಕಾಲೇಜಿನಲ್ಲಿ. ಫೋನು ಮಾಡಿ ಕೇಳಿದಳಂತೆ, ಮಂಚದ ಅಡಿಗೆ ಇನ್ನೂ ಒಂದು ಚೀಲ ಉಂಟಲ್ಲ, ದುರ್ಗಕ್ಕ ಅಡ್ಡಿಲ್ಲ ಹೇಳಿದ್ದಾರೆ, ಕುದಿಸಿ ಕುಡಿಯಲಾ ಎಂದು. ನೀನು ಒಂದು ಗಳಿಗೆ ಯೋಚಿಸಿ ಕುಡಿ ಎಂದೆಯಂತೆ. ಮೂರು ದಿನ ಕುಡಿದಳು. ಮದ್ದು ಕುಡಿಯುತ್ತಿದ್ದೇನಲ್ಲ ಎಂದು ಆಸ್ಪತ್ರೆಗೆ ಹೋಗಲಿಲ್ಲ. ನಾಲ್ಕನೆಯ ದಿನ ವಸಡಿನಲ್ಲಿ, ಮೂಗಿನಲ್ಲಿ. ಕುಮಟೆಯಲ್ಲಿ ನೋಡಿದವರು ಇಲ್ಲಿ ಆಗುವುದಿಲ್ಲ, ದಕ್ಷಿಣಕ್ಕೆ ದೊಡ್ಡ ಆಸ್ಪತ್ರೆಗೆ ಒಯ್ಯಿರಿ ಎಂದರು. ಆಂಬುಲೆನ್ಸ್ ಹೊನ್ನಾವರ ದಾಟಿತು, ಮುರ್ಡೇಶ್ವರ ದಾಟಿತು, ಭಟ್ಕಳ ದಾಟಿತು. ಕುಂದಾಪುರ ಮುಟ್ಟಲಿಲ್ಲ.

ನಮ್ಮ ಮನೆಯ ಎದುರಿನ ರಸ್ತೆಯಲ್ಲೇ ಹೋಗಿರಬೇಕು. ದಿನಕ್ಕೆ ಮೂರೋ ನಾಲ್ಕೋ ಹಾಗೆ ಕೂಗಿಕೊಂಡು ಹೋಗುತ್ತವೆ. ನಾನು ತಲೆ ಎತ್ತಿ ನೋಡುವುದಿಲ್ಲ. ಅವತ್ತೂ ನೋಡಿರಲಿಕ್ಕಿಲ್ಲ.

ಸೊಪ್ಪು ಕೊಂದಿತೋ, ಜ್ವರ ಕೊಂದಿತೋ, ಆ ಮೂರು ದಿನದ ತಡ ಕೊಂದಿತೋ — ನನಗೆ ಗೊತ್ತಿಲ್ಲ. ಡಾಕ್ಟರು ತಡವಾಯಿತು ಎಂದರಂತೆ. ತಡ ಮಾಡಿಸಿದ್ದೂ ನನ್ನ ಮಾತೇ. ಹೇಗೆ ಲೆಕ್ಕ ಹಾಕಿದರೂ ತಿರುಗಿ ನನ್ನ ಮೆಟ್ಟಿಲಿಗೇ ಬಂದು ನಿಲ್ಲುತ್ತದೆ.

ನಿಜವಾದ ಸೊಪ್ಪು ಕೊಟ್ಟಿದ್ದರೆ ಉಳಿಯುತ್ತಿದ್ದಳು ಎಂದು ನಾನು ಹೇಳುವುದಿಲ್ಲ. ಮೊದಲು ಹಾಗೆ ಹೇಳಿಕೊಳ್ಳುತ್ತಿದ್ದೆ. ಈಗ ಅದೂ ಇಲ್ಲ. ಜ್ವರ ಬಂದವರಲ್ಲಿ ಹೆಚ್ಚಿನವರಿಗೆ ಒಂದು ವಾರಕ್ಕೆ ತಾನಾಗಿ ಬಿಡುತ್ತದೆ. ಬಿಟ್ಟವರು ತೆಂಗಿನಕಾಯಿ ಹಿಡಿದುಕೊಂಡು ಬಂದು ದುರ್ಗಕ್ಕನ ಮದ್ದು ಎಂದರು. ಬಿಡದೆ ಹೋದವರು ಬಂದು ಹೇಳಲಿಲ್ಲ. ನನ್ನ ನಲವತ್ತು ವರ್ಷ ಅಂದರೆ ಅಷ್ಟೇ. ‘ಅದಕ್ಕೆ’ ಗುಣ ಇತ್ತೋ ಇಲ್ಲವೋ ನೋಡಬಹುದಾಗಿದ್ದವಳು ನೀನೊಬ್ಬಳೇ. ನಾನು ನಾಲ್ಕು ಎಲೆ ಕೊಟ್ಟಿದ್ದರೆ ನೀನು ನೋಡಿ ಹೇಳುತ್ತಿದ್ದೆ.

ಈಗ ಕೊಡೋಣ ಎಂದರೆ ಇಲ್ಲ. ‘ಅದು’ ಇದ್ದದ್ದು ಹೆದ್ದಾರಿಯ ಅಂಚಿನ ಮಣ್ಣಿನ ದಿಬ್ಬದಲ್ಲಿ, ಆ ದರೆಯ ಒಂದು ಐವತ್ತು ಮಾರು ಜಾಗದಲ್ಲಿ. ರಸ್ತೆ ಅಗಲ ಮಾಡುವವರು ಬಂದು ದರೆಯನ್ನೇ ಕಡಿದು ಒಯ್ದರು. ಯಂತ್ರ ಬಂದ ದಿನ ನಾನು ನಿಂತು ನೋಡಿದೆ. ಒಂದು ಗಿಡ ಕಿತ್ತು ಹಿತ್ತಿಲಲ್ಲಿ ನೆಟ್ಟೆ, ಬದುಕಲಿಲ್ಲ. ಆಮೇಲೆ ಕತಗಾಲದ ಕಡೆ ಹೋಗಿ ಹುಡುಕಿದೆ, ಸಿಗಲಿಲ್ಲ. ಮದ್ದು ಕೊಡುವುದನ್ನು ಬಿಟ್ಟದ್ದು ಹಾಗೆ. ಬುದ್ಧಿ ಬಂದು ಬಿಟ್ಟದ್ದಲ್ಲ. ಮೇಲಿನದು ಮಾತ್ರ ಈಗಲೂ ಬೇಲಿ ತುಂಬ ಇದೆ.

ಮೂರು ವರ್ಷದ ಹಿಂದೆ ನನಗೆ ಎದೆ ಹಿಡಿದುಕೊಂಡಿತು. ಡಾಕ್ಟರು ಬರೆದುಕೊಟ್ಟ ಚೀಟಿ ಹಿಡಿದುಕೊಂಡು ಕುಮಟೆ ಬಸ್ ಸ್ಟ್ಯಾಂಡಿನ ಹತ್ತಿರ ಮೆಡಿಕಲ್ ಅಂಗಡಿಗೆ ಹೋದೆ. ಕೌಂಟರಿನ ಆಚೆ ನೀನು. ದಪ್ಪಗಾಗಿದ್ದೆ. ಕನ್ನಡಕ ಬಂದಿತ್ತು. ನೀನು ಕಾಲೇಜು ಅರ್ಧಕ್ಕೇ ಬಿಟ್ಟದ್ದು ಯಾರೋ ಹೇಳಿ ಗೊತ್ತಿತ್ತು. ಇಲ್ಲಿ ನಿಂತಿದ್ದೀ ಎಂದು ಗೊತ್ತಿರಲಿಲ್ಲ.

“ದುರ್ಗಜ್ಜಿ ಅಲ್ದಾ?” ಎಂದೆ. ಚೀಟಿ ನೋಡಿದೆ. ಮಾತ್ರೆ ತೆಗೆದು ಕತ್ತರಿಯಲ್ಲಿ ಕತ್ತರಿಸಿದೆ. “ಇದು ಊಟ ಆದ್ಮೇಲೆ ಒಂದು. ರಕ್ತ ತೆಳು ಮಾಡೂದು ಅಜ್ಜಿ. ಪ್ಲೇಟ್ಲೆಟ್ ಅಂಟ್ಕೊಳ್ಳೂಕೆ ಬಿಡೂದಿಲ್ಲ. ಕತ್ತಿ-ಗಿತ್ತಿ ತಾಗಿದ್ರೆ ರಕ್ತ ಬೇಗ ನಿಲ್ಲೂದಿಲ್ಲ, ಜಾಗ್ರತೆ.”

ಹೇಳುತ್ತ ಹೇಳುತ್ತ ನಿನ್ನ ಮಾತು ನಿಧಾನವಾಯಿತು. ನನ್ನ ಮುಖ ನೋಡಲಿಲ್ಲ ನೀನು. “ಗೊತ್ತಾತಾ?” ಎಂದೆ.

“ಆತು” ಎಂದೆ.

ಹಿಂದೆ ಇನ್ನೂ ಇಬ್ಬರು ಚೀಟಿ ಹಿಡಿದು ನಿಂತಿದ್ದರು. ಮಾತ್ರೆ ತೆಗೆದುಕೊಂಡು ಬಂದೆ. ಇವತ್ತಿಗೂ ದಿನಾ ನುಂಗುತ್ತೇನೆ. ನುಂಗುವಾಗ ಪ್ರತಿ ಸಲ — ಇರಲಿ.

ಇದನ್ನೆಲ್ಲ ಬರೆದ ಈ ಪಟ್ಟಿ ಪುಸ್ತಕವನ್ನು ನಿನ್ನ ಕೌಂಟರಿನ ಮೇಲೆ ಇಟ್ಟು ಬರುತ್ತೇನೆ. ಓದುವಾಗ ಎದುರು ನಿಲ್ಲುವುದಿಲ್ಲ. ಇದರಿಂದ ನಿನಗೆ ಎಂತ ಸಿಗುತ್ತದೆ? ತಾಯಿ ಬರುವುದಿಲ್ಲ. ಕಾಲೇಜು ಬರುವುದಿಲ್ಲ. ಬೈಯುವುದಾದರೆ ಬೈ, ಪೊಲೀಸರಿಗೆ ಕೊಡುವುದಾದರೆ ಕೊಡು, ಕ್ಷಮಿಸು ಎಂದು ಮಾತ್ರ ನಾನು ಕೇಳುವುದಿಲ್ಲ. ಹತ್ತು ವರ್ಷ ಒಂದು ಸುಳ್ಳನ್ನು ನಿನ್ನ ತಲೆಯ ಮೇಲೆ ಹೊರಿಸಿಟ್ಟೆ, ಅದನ್ನು ಇಳಿಸಬೇಕು. ಇಳಿಸಿದರೆ ತಲೆ ಹಗುರಾಗುತ್ತದೆ ಎಂದೂ ನನಗೆ ಅನಿಸುವುದಿಲ್ಲ.

ಹೊರಿಸಿದ ದಿನ ಯಾವುದು ಎಂದು ನಿನಗೆ ಗೊತ್ತು.

ಸುಶೀಲಾ ಹೋಗಿ ಹದಿನಾಲ್ಕನೆಯ ದಿನ ಮಧ್ಯಾಹ್ನ ನೀನು ಬಂದೆ. ಜಗಲಿಯ ಮೇಲೆ ಕೂರಲಿಲ್ಲ, ಕೆಳಗಿನ ಮೆಟ್ಟಿಲಲ್ಲಿ ಕೂತೆ. ನಡೆದದ್ದನ್ನೆಲ್ಲ ಹೇಳಿದೆ — ಫೋನು, ಚೀಲ, ಆಂಬುಲೆನ್ಸ್. ಅಳಲಿಲ್ಲ. ಅತ್ತಿದ್ದರೆ ನನಗೆ ಸುಲಭವಾಗುತ್ತಿತ್ತು.

“ನಳಿಗೆ ಹೇಳಿತ್ತು ಅಜ್ಜಿ. ನಾಲ್ಕು ಸಲ ಹೇಳಿತ್ತು. ನಾನೇ ಕೇಳಲಿಲ್ಲ. ಕುಡಿ ಹೇಳಿದವಳು ನಾನೇ.”

ನಾನು ನೀರು ತಂದಿಟ್ಟೆ.

“ನಿಮ್ಮ ಮದ್ದು ಕುಡಿದವ್ರಿಗೆ ಯಾರಿಗಾದ್ರೂ ಹೀಗೆ ಆದದ್ದುಂಟಾ? ಸತ್ಯ ಹೇಳಿ. ನನಗೆ ಬೇರೆ ಎಂತದೂ ಬೇಡ.”

ಆಗ ಹೇಳಬೇಕಿತ್ತು. ನಿನಗೆ ಬೇಕಾದದ್ದು ಅದೊಂದೇ ಆಗಿತ್ತು, ನನ್ನ ಹತ್ತಿರ ಮಾತ್ರ ಇತ್ತು. ಬಾಯಿಗೆ ಬಂದಿತ್ತು ಕೂಡ. ಆದರೆ ನಾನು ಹೇಳಿದ್ದು —

“ನನ್ನ ಕೈಯಲ್ಲಿ ಒಬ್ರೂ ಸತ್ತಿಲ್ಲ. ಒಣಗ್ಸೂದ್ರಲ್ಲೋ ಕುದ್ಸೂದ್ರಲ್ಲೋ ನೀವೇ ಎಂತದೋ ಹೆಚ್ಚುಕಮ್ಮಿ ಮಾಡಿರ್ಬೇಕು.”

ನೀನು ತಲೆ ಆಡಿಸಿದೆ. “ಹೌದಾಗಿರ್ಬೇಕು” ಎಂದೆ. ಎದ್ದು ಸೆರಗಿನ ಧೂಳು ಕೊಡವಿಕೊಂಡು, ನೀರಿನ ಲೋಟವನ್ನು ಮುಟ್ಟದೆ, ಬಸ್ಸಿನ ಕಡೆ ನಡೆದೆ. ನಾನು ಕೂಗಿ ಕರೆಯಲಿಲ್ಲ. ಲೋಟದ ನೀರನ್ನು ಅಂಗಳದ ದಾಸವಾಳಕ್ಕೆ ಚೆಲ್ಲಿ ಒಳಗೆ ಹೋದೆ.

ಅದೇ ದಿನ ಸಂಜೆ ಮುರ್ಡೇಶ್ವರದ ಕಡೆಯ ಒಬ್ಬ ಗಂಡಸು ಬಂದ. ಹೆಂಡತಿಗೆ ಐದು ದಿನದ ಜ್ವರ, ಮೈಮೇಲೆ ಚುಕ್ಕೆ ಎದ್ದಿದೆ ಎಂದ. ನಾಳೆ ಬೆಳಿಗ್ಗೆ ಬಾ ಎಂದೆ.

ಮಾರನೆಯ ದಿನ ಬೆಳಕು ಹರಿಯುವ ಮೊದಲು ಎದ್ದೆ. ಯಾರ ಸಂಗಡವೂ ಮಾತಾಡದೆ ದರೆಗೆ ಹೋಗಿ ‘ಅದನ್ನು’ ಕೊಯ್ದು ಬುಟ್ಟಿಯ ಅಡಿಗೆ ಹಾಕಿದೆ. ಬರುವಾಗ ಬೇಲಿಯ ಹತ್ತಿರ ನಿಂತು, ನಿನಗೆ ಕೊಟ್ಟ ಬಳ್ಳಿಯನ್ನೇ ಎಳೆದು, ಬೇರೆ ದಿನಕ್ಕಿಂತ ದಪ್ಪಗೆ ಮೇಲೆ ಹೊದಿಸಿದೆ. ಬಾವಿಕಟ್ಟೆಯಲ್ಲಿ ನೀರು ಸೇದುತ್ತಿದ್ದ ನೆರೆಮನೆಯವಳು, “ಇವತ್ತೂ ಮದ್ದಾ ದುರ್ಗಕ್ಕಾ?” ಎಂದು ಕೇಳಿ ಬುಟ್ಟಿಯ ಕಡೆ ಕತ್ತು ಚಾಚಿದಳು. ನಾನು ಮಾತಾಡಲಿಲ್ಲ. ಮೇಲಿನ ಸೊಪ್ಪು ಚೆನ್ನಾಗಿ ಕಾಣಲಿ ಎಂದು ಬುಟ್ಟಿಯನ್ನು ಅವಳ ಕಡೆಗೆ ಸ್ವಲ್ಪ ವಾಲಿಸಿ ಹಿಡಿದೆ.